ಎರಡು ಮಗ್ಗ, ಒಂದು ಕಂಬಳಿ ತೊಳೆತ

ಹೋದ ವಾರ ಮುಧೋಳದ ಬೆಲ್ಲದ ವ್ಯಾಪಾರಿಯೊಬ್ಬರು ರಬಕವಿಯ ನಮ್ಮ ಮನೆ ಹುಡುಕಿಕೊಂಡು ಬಂದರು. ಹಳೆಯ ವಸ್ತುಗಳನ್ನು ಕೆಡದಂತೆ ಕಾಯುವ ಸಂರಕ್ಷಣಾ ವಿದ್ಯೆಯನ್ನೇ ಓದುತ್ತೇನೆಂದು ಅವರ ಮಗಳು ಹಟ ಹಿಡಿದಿದ್ದಾಳಂತೆ. ನಾನು ಓದಿದ್ದೂ ಅದೇ. ಜಮಖಂಡಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತ, ಯಾರಾದರೂ ಕರೆದರೆ ಮಾತ್ರ ಆ ಕೆಲಸಕ್ಕೆ ಹೋಗುವವಳು ನಾನು. ಅವರು ಚಹಾದ ಕಪ್ಪು ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿಬಿಟ್ಟರು.

"ಬಾಯಾರ, ನನಗ ಸುತ್ತಿ ಬಳಸಿ ಮಾತಾಡಾಕ ಬರೂದಿಲ್ರಿ. ಎರಡು ವರ್ಷ ದಿಲ್ಲ್ಯಾಗ ಇಟ್ಟು ಓದಿಸಬೇಕು. ಹಾಕಿದ ರೊಕ್ಕ ತಿರುಗಿ ಬರ್ತಾವೋ ಇಲ್ಲೋ, ಅಷ್ಟ ಹೇಳ್ರಿ."

ಗೋಡೆಯ ಗೂಡಿನಲ್ಲಿ ಹಿಂದಿನ ದಿನವಷ್ಟೇ ಬಂದ ಸರಕಾರಿ ಲಕೋಟೆಯೊಂದಿತ್ತು. ಅದರ ಮೇಲೆ ಕಣ್ಣು ಬಿದ್ದೊಡನೆ ಮೈ ಉರಿಯಿತು. ಪ್ರತಿ ವರ್ಷ ಉರಿಯುತ್ತದೆ. ಆ ಲಕೋಟೆಯ ಕಥೆ ಹೇಳದೆ ಅವರ ಪ್ರಶ್ನೆಗೆ ಉತ್ತರ ಕೊಡುವುದು ಸಾಧ್ಯವಿರಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ನೇಕಾರರು ದೊಡ್ಡ ಖರ್ಚನ್ನು ರೂಪಾಯಿಯಲ್ಲಿ ಹೇಳುವುದಿಲ್ಲ, ಮಗ್ಗದಲ್ಲಿ ಹೇಳುತ್ತಾರೆ. ಮಗಳ ಮದುವೆಗೆ ಒಂದು ಮಗ್ಗ ಹೋಯಿತು, ಮನೆಯ ಮಾಳಿಗೆಗೆ ಅರ್ಧ ಮಗ್ಗ ಹೋಯಿತು, ಹೀಗೆ. ನನ್ನ ಓದಿಗೆ ಎರಡು ಮಗ್ಗ ಹೋದವು. ಕೈಯಿಂದ ನೇಯುವ ಕುಣಿಮಗ್ಗ ಬಿಟ್ಟು ಎರಡು ಪವರ್‌ಲೂಮ್ ಹಾಕಬೇಕೆಂದು ಅಪ್ಪ ಕೂಡಿಟ್ಟಿದ್ದ ಹಣ ಅದು. "ಮಗ್ಗ ಮುಂದಿನ ವರ್ಷ ಹಾಕೂಣು, ಸಾಲಿ ಮುಂದಿನ ವರ್ಷ ಸಿಗೂದಿಲ್ಲ" ಎಂದು ನನ್ನನ್ನು ದಿಲ್ಲಿಯ ರೈಲು ಹತ್ತಿಸಿದ. ಆ ಮುಂದಿನ ವರ್ಷ ಬರುವುದರೊಳಗೆ ಅಪ್ಪನೇ ಹೋಗಿಬಿಟ್ಟ. ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಬನಹಟ್ಟಿಯಲ್ಲಿ ಬೇರೆಯವರ ಶೆಡ್ಡಿನಲ್ಲಿ ಪಾಳಿಯ ಮೇಲೆ ದುಡಿಯತೊಡಗಿದ. ಅವನದೇ ಆಗಬೇಕಿದ್ದ ಮಗ್ಗಗಳನ್ನು ನಾನು ಪ್ರಮಾಣಪತ್ರ ಮಾಡಿ ಗೋಡೆಗೆ ತೂಗುಹಾಕಿದ್ದೆ. ಅವನು ಅದರ ಕೆಳಗೇ ಕೂತು ಊಟ ಮಾಡುತ್ತ ಹೇಳುತ್ತಿದ್ದ:

"ಮಂದಿ ಎಮ್ಮೆ ಓದ್ತಾರ, ಬಿಯೆಡ್ ಓದ್ತಾರ. ನಮ್ಮಕ್ಕ ಎರಡು ಮಗ್ಗ ಓದ್ಯಾಳ."

ಎಂ.ಎ. ಎನ್ನುವುದನ್ನು ಬೇಕೆಂದೇ ಎಮ್ಮೆ ಎನ್ನುತ್ತಿದ್ದ. ಅವ್ವ ನಗುತ್ತಿದ್ದಳು. ನಾನು ಮನಸ್ಸಿನಲ್ಲೇ ಆ ಮಗ್ಗಗಳ ಲೆಕ್ಕ ಹಾಕುತ್ತಿದ್ದೆ. ಅದಕ್ಕೇ ಬೀಳಗಿಯ ಕಡೆಯಿಂದ ಮೊದಲ ದೊಡ್ಡ ಕೆಲಸ ಬಂದಾಗ, ಇದರ ಹಣದಲ್ಲಿ ಒಂದು ಮಗ್ಗವನ್ನಾದರೂ ಅವನಿಗೆ ತಿರುಗಿ ಕೊಡುತ್ತೇನೆಂದು ಎಲ್ಲರೆದುರು ಮಾತು ಕೊಟ್ಟೆ. ಬನಹಟ್ಟಿಯಲ್ಲಿ ಒಬ್ಬರು ಹಳೆಯ ಪವರ್‌ಲೂಮ್ ಮಾರುವವರಿದ್ದರು. ತಮ್ಮ ಹೋಗಿ ಅದನ್ನು ನೋಡಿ, ಮುಟ್ಟಿ, ನಾಲ್ಕು ಮೊಳ ನೇಯ್ದೂ ಬಂದ.

ಕೆಲಸ ಒಂದು ಕಂಬಳಿಯದು. ಕೃಷ್ಣೆಯ ಹಿನ್ನೀರಿಗೆ ಬಿಟ್ಟುಕೊಟ್ಟ ಊರೊಂದರ ಕುರುಬರ ಮನೆಗಳು ಬೀಳಗಿಯ ಆಚೆ ಪುನರ್ವಸತಿ ಕೇಂದ್ರಕ್ಕೆ ಬಂದಿದ್ದವು. ಅವರ ದೇವರು ಬೀರಪ್ಪನಿಗೆ ಅಲ್ಲಿ ಹೊಸ ಗುಡಿಯೂ ಎದ್ದಿತ್ತು. ಆದರೆ ಬೀರಪ್ಪ ಬರಿಯ ಕಲ್ಲಿನ ಮೇಲೆ ಕೂಡ್ರುವವನಲ್ಲ. ಕರಿ ಕಂಬಳಿಯೊಂದನ್ನು ಮಡಿಸಿ ಹಾಸಿ, ಅದರ ಮೇಲೆ ಭಂಡಾರ, ಅಂದರೆ ಅರಿಸಿನ ಪುಡಿ, ಚೆಲ್ಲಿದ ಮೇಲೆಯೇ ಅವನ ಗದ್ದುಗೆ ಆಗುವುದು. ಪುನರ್ವಸತಿ ಕಚೇರಿಯವರು ಹಳೆಯ ಗುಡಿಯಿಂದ ಸಾಮಾನು ತೆಗೆಯುವಾಗ ಕಂಬಳಿಯನ್ನು ಪಟ್ಟಿ ಮಾಡಿ, ಗೊಬ್ಬರದ ಚೀಲದಲ್ಲಿ ತುರುಕಿ, ಸೀಲು ಒತ್ತಿ, ಗುತ್ತಿಗೆದಾರನ ಗೋದಾಮಿನಲ್ಲಿ ಇಟ್ಟರಂತೆ. ಇಡೀ ಮಳೆಗಾಲ ಸೀಲು ಭದ್ರವಾಗಿತ್ತು. ಒಳಗೆ ಕಂಬಳಿಗೆ ಬೂಷ್ಟು ಹಿಡಿದು, ನುಸಿ ಬಿದ್ದು, ಅಂಗೈಯಗಲದ ತೂತುಗಳಾಗಿದ್ದವು. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದರು ಎನ್ನುವ ಹಾಗೆ ಆಮೇಲೆ ನನ್ನನ್ನು ಕರೆದರು.

ಆ ಕೆಲಸ ನೋಡಿಕೊಳ್ಳುತ್ತಿದ್ದ ಸಾಹೇಬರು ಮಾತಿನಲ್ಲಿ ಬಹಳ ಮೆತ್ತಗಿದ್ದರು. "ಛಲೋ ಆತು ನೀವು ಬಂದದ್ದು, ಮೇಡಂ. ಈ ಭಾಗದಾಗ ನಿಮ್ಮಂಥಾ ತಜ್ಞರು ಎಲ್ಲಿ ಸಿಗಬೇಕ್ರಿ? ನೀವು ಸುರು ಮಾಡ್ರಿ, ರೇಟು ಆಮ್ಯಾಲೆ ಕೂಡಿಸೂಣು" ಎಂದರು. ನಾನು ಒಪ್ಪಿಕೊಂಡೆ. ಲಿಖಿತ ಆದೇಶ ಕೇಳಲಿಲ್ಲ. ಇದು ನೇಕಾರರ ಮನೆಯ ಚಟ. ಸಾವುಕಾರ ನೂಲು ಕೊಟ್ಟು ಇಂಥ ಸೀರೆ ಬೇಕು ಎನ್ನುತ್ತಾನೆ, ನಾವು ಮಗ್ಗಕ್ಕೆ ಕೂಡ್ರುತ್ತೇವೆ. ಅಜ್ಜ ಅಪ್ಪ ಎಲ್ಲ ಬಾಯಿಮಾತಿನ ಮೇಲೇ ನೇಯ್ದರು. ಆದರೆ ಸಾವುಕಾರನಿಗೆ ನಾಳೆ ಮತ್ತೆ ನಮ್ಮಿಂದ ಸೀರೆ ಬೇಕು, ಸಾಹೇಬರಿಗೆ ನಾಳೆ ವರ್ಗ ಆಗುತ್ತದೆ ಎನ್ನುವ ವ್ಯತ್ಯಾಸ ನನಗೆ ಹೊಳೆಯಲಿಲ್ಲ.

ಪುನರ್ವಸತಿ ಕೇಂದ್ರದ ಸಮುದಾಯ ಭವನದಲ್ಲಿ ಕೆಲಸ ಹೂಡಿದೆ. ಮೊದಲು ಕಂಬಳಿಯನ್ನು ಬಿಡಿಸಿ, ಅದರ ಮೇಲೆ ದಾರ ಕಟ್ಟಿ ಚೌಕಗಳಾಗಿ ಒಡೆದು, ಒಂದೊಂದು ಚೌಕದ ಚಿತ್ರ ಬರೆದೆ, ಫೋಟೋ ತೆಗೆದೆ. ಎಲ್ಲಿ ತೂತು, ಎಲ್ಲಿ ಬೂಷ್ಟು, ಎಲ್ಲಿ ಹಳೆಯ ಹೊಲಿಗೆ ಎಲ್ಲ ಗುರುತಾಯಿತು. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಧೂಳೆಳೆಯುವ ಯಂತ್ರದ ಬಾಯಿಗೆ ಸೊಳ್ಳೆಪರದೆಯ ತುಂಡು ಬಿಗಿದು, ಎಳೆ ಕೀಳದಂತೆ ಮೆಲ್ಲಗೆ ಬೂಷ್ಟು ತೆಗೆದೆ. ಮೇಲಿದ್ದ ಭಂಡಾರವನ್ನು ಮೆತ್ತನೆಯ ಬ್ರಷ್ಷಿನಿಂದ ಉದುರಿಸಿ ಒಂದು ಮಡಕೆಯಲ್ಲಿ ಕೂಡಿಹಾಕಿದೆ. ಗುಡಿಯ ಪೂಜಾರಿ ಅಜ್ಜ ಬಾಗಿಲಲ್ಲೇ ಕೂತು ಕಾಯುತ್ತಿದ್ದರು. ಒಂದು ಚಿಟಿಕೆಯೂ ಹೊರಗೆ ಹೋಗಬಾರದು ಎನ್ನುವುದು ಅವರ ಷರತ್ತು.

ನುಸಿಯ ಮರಿಗಳನ್ನು ಕೊಲ್ಲುವುದು ಮುಂದಿನ ಹೆಜ್ಜೆ. ಔಷಧ ಹೊಡೆದರೆ ಉಣ್ಣೆಗೆ ಕೆಡುಕು, ಆದ್ದರಿಂದ ಕಡುಥಂಡಿಯಲ್ಲಿ ಹದಿನೈದು ದಿನ ಇಡಬೇಕು. ದಿಲ್ಲಿಯಲ್ಲಿ ಅದಕ್ಕೆಂದೇ ಒಂದು ಕೋಣೆ ಇತ್ತು. ಬೀಳಗಿಯಲ್ಲಿ ಇದ್ದದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರ್. ಕಂಬಳಿಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳಲ್ಲಿ ಸುತ್ತಿ, ಗಾಳಿ ಹೋಗದಂತೆ ಅಂಟುಪಟ್ಟಿ ಹಚ್ಚಿ ತೆಗೆದುಕೊಂಡು ಹೋದಾಗ ಅಂಗಡಿಯವರು ಒಂದೇ ಮಾತು ಹೇಳಿದರು. "ಬೀರಪ್ಪಂದು ಅಂದ್ರ ರೊಕ್ಕಿನ ಮಾತು ಯಾಕ್ರಿ? ಹಾಲಿನ ಡಬ್ಬಿ ಮ್ಯಾಲೆ ಇಡ್ರಿ, ಕೆಳಗ ಬ್ಯಾಡ." ಸರಕಾರದ ಕೆಲಸಕ್ಕೆ ಸರಕಾರದವರಲ್ಲದ ಅವರು ಫ್ರೀಜರಿನ ಅರ್ಧ ಭಾಗ ಬಿಟ್ಟುಕೊಟ್ಟರು. ಕುರುಬರ ಓಣಿಯಲ್ಲಿ ಮಾತ್ರ "ದೇವರಿಗೆ ನೆಗಡಿ ಹಚ್ಚಾಕ ಹೊಂಟಾಳ ಅಕಿ" ಎಂದು ಗುಲ್ಲಾಯಿತು.

ಒಂಬತ್ತನೇ ದಿನ ಲೋಡ್‌ಶೆಡ್ಡಿಂಗ್ ಬೆಳಗಿನಿಂದ ಸಂಜೆಯತನಕ ನಡೆಯಿತು. ಥಂಡಿ ಇಳಿದರೆ ಸಾಯದ ಮರಿಗಳು ಮತ್ತೆ ಏಳುತ್ತವೆ. ಮತ್ತೆ ಮೊದಲಿನಿಂದ ಹದಿನೈದು ದಿನ ಎಣಿಸಿದೆ. ಶಾಲೆಗೆ ಸಂಬಳವಿಲ್ಲದ ರಜೆ ಹಾಕಿದ್ದೆ.

ಕಂಬಳಿ ಹೊರಬಂದ ಮೇಲೆ ತೊಳೆಯಬೇಕೆಂದು ತೀರ್ಮಾನಿಸಿದೆ. ಇಲ್ಲಿ ನಾನು ಮಾಡಿದ್ದನ್ನು ಬಚ್ಚಿಡುವುದಿಲ್ಲ. ತೊಳೆಯುವ ಮೊದಲು ಪೂಜಾರಿ ಅಜ್ಜನನ್ನು ಕೇಳಿದೆ: "ಅಜ್ಜಾರ, ಇದಕ್ಕ ಏನೇನು ಹಚ್ಚತಿದ್ರಿ?" ಅವರು, "ಭಂಡಾರ, ಎಣ್ಣಿ. ಮತ್ತೇನಿಲ್ಲವ್ವಾ" ಎಂದರು. ನಾನು ಅಲ್ಲಿಗೇ ಬಿಟ್ಟೆ. ಕರಿಕುರಿಯ ಸ್ವಂತ ಬಣ್ಣದ ಉಣ್ಣೆ, ಬಣ್ಣ ಬಿಡುವ ಭಯವಿಲ್ಲ. ಇಟ್ಟಿಗೆ ಇಟ್ಟು ಪ್ಲಾಸ್ಟಿಕ್ ಹಾಸಿ ಆಳವಿಲ್ಲದ ತೊಟ್ಟಿ ಮಾಡಿದೆ. ಉಪ್ಪಿಲ್ಲದ ನೀರು ತರಿಸಿ, ಸೌಮ್ಯವಾದ ಸೋಪು ಬೆರೆಸಿ, ಕಂಬಳಿಯನ್ನು ಜಾಳಿಗೆಯ ಮೇಲೆ ಮಲಗಿಸಿ ಸ್ಪಂಜಿನಿಂದ ಒತ್ತುತ್ತ ಹೋದೆ. ಕಂದು ಬಣ್ಣದ ಅಂಟು ನೀರು ಬಂತು. ಬದಲಿಸಿದೆ, ಮತ್ತೆ ಬಂತು. ಎಂಟು ನೀರು ಬದಲಿಸಿದೆ. ಕೊಳೆ ಹೋಗುತ್ತಿದೆಯೆಂದು ಹಿರಿಹಿರಿ ಹಿಗ್ಗುತ್ತ, ಪ್ರತಿ ನೀರಿನದೂ ಒಂದು ಸೀಸೆ ಮಾದರಿ ಎತ್ತಿಟ್ಟೆ.

ಒಣಗಿದ ಕಂಬಳಿಯನ್ನು ಎತ್ತಿದಾಗ ಅದು ಕೈಯಿಂದ ಜಾರಿ ಬಿತ್ತು. ಮೊದಲು ಹಲಗೆಯ ಹಾಗೆ ಸೆಟೆದು ನಿಲ್ಲುತ್ತಿದ್ದದ್ದು ಈಗ ಹಳೆಯ ಒದ್ದೆ ಗೋಣಿತಟ್ಟಿನ ಹಾಗಿತ್ತು. ಎಳೆಗಳು ಒಂದನ್ನೊಂದು ಬಿಟ್ಟು ಸರಿದಿದ್ದವು. ತೂತುಗಳ ಅಂಚು ಇನ್ನೂ ಹಿಗ್ಗಿತ್ತು. ಅದೇ ದಿನ ಪೂಜಾರಿ ಅಜ್ಜನ ಅಕ್ಕ ಹಿಪ್ಪರಗಿಯ ಮಗಳ ಮನೆಯಿಂದ ಬಂದಿಳಿದಳು. ಎಲ್ಲರೂ ಆಯಿ ಎನ್ನುತ್ತಿದ್ದ ಆ ಮುದುಕಿ ಕಂಬಳಿಯ ಮೂಲೆಯನ್ನು ಬೆರಳಲ್ಲಿ ಹಿಚುಕಿ ನೋಡಿ, ನನ್ನ ಮುಖ ನೋಡಿದಳು.

"ಯವ್ವಾ, ಏನು ಮಾಡಿದಿ? ಎಲುಬು ತಗದು ಬಿಟ್ಟಿಯಲ್ಲ!"

"ಯಾಕಾಯಿ? ಕೊಳಿ ತೊಳದೀನಿ..."

"ಕೊಳಿ ಅಲ್ಲ ಅದು, ಹುಣಸಿ ಬೀಜದ ಗಂಜಿ. ವರ್ಷಕ್ಕೊಮ್ಮೆ ಹಿತ್ತಲದಾಗ ನಾವು ಹೆಂಗಸರು ಕಾಸಿ ಹಚ್ಚತಿದ್ವಿ. ಗಂಜಿ ಇದ್ದರ ಕಂಬಳಿ. ಗಂಜಿ ಹೋದ್ರ ಬರೇ ಕೂದಲ."

ನಾನು ಪೂಜಾರಿ ಅಜ್ಜನ ಕಡೆ ತಿರುಗಿದೆ. "ಅದು ಹೆಂಗಸರ ಕೆಲಸ, ನನಗೇನು ಗೊತ್ತು?" ಎಂದು ಅವರು ಹೆಗಲ ಕಂಬಳಿ ಸರಿಮಾಡಿಕೊಂಡರು.

ನನಗೆ ನನ್ನ ಮೇಲೇ ಹೇಸಿಗೆ ಬಂತು. ಹತ್ತಿಯ ನೇಕಾರರಿಗೆ ಗಂಜಿ ಎಂದರೆ ಪೇಟೆಗೆ ಹೋಗುವ ಸೀರೆಯ ಮೆರುಗು. ಒಂದು ತೊಳೆತಕ್ಕೆ ಹೋಗುವಂಥದ್ದು, ಹೋದ ಮೇಲೆಯೇ ನಿಜವಾದ ಬಟ್ಟೆ ಕಾಣುವುದು. ಆ ಮನೆಯ ಬುದ್ಧಿಯನ್ನೇ ಇಟ್ಟುಕೊಂಡು ಕುರುಬರ ಕಂಬಳಿಗೆ ಕೈ ಹಾಕಿದ್ದೆ. ಅದಕ್ಕಿಂತ ದೊಡ್ಡ ತಪ್ಪು ಗಂಡಸರನ್ನಷ್ಟೇ ಕೇಳಿದ್ದು. ನನ್ನ ಅವ್ವ ನಲವತ್ತು ವರ್ಷ ಹಾಸಿನ, ಅಂದರೆ ಮಗ್ಗದ ಉದ್ದ ನೂಲಿನ, ಎಳೆ ಕೆಚ್ಚಿದವಳು. ಮಗ್ಗದಲ್ಲಿ ಮುಗಿಯುತ್ತ ಬಂದ ಹಳೆಯ ಹಾಸಿನ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಿನಿಂದ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸೀರೆ ಯಾರು ನೇಯ್ದದ್ದು ಎಂದು ಕೇಳಿದರೆ ಎಲ್ಲರೂ ಅಪ್ಪನ ಹೆಸರು ಹೇಳುತ್ತಿದ್ದರು. ಅಂಥ ಮನೆಯ ಮಗಳಾಗಿ ನಾನೂ ಅದನ್ನೇ ಮಾಡಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅಂದರೆ ಇದೇ.

ಮರುದಿನವೇ ಸಾಹೇಬರು ತಪಾಸಣೆಗೆ ಬಂದರು. ಕಂಬಳಿಯನ್ನು ನೋಡಿ ಅವರಿಗೆ ಬೇಸರವಾಗಲಿಲ್ಲ, ಸಮಾಧಾನವಾಯಿತು. ನನ್ನನ್ನು ಜಗಲಿಗೆ ಕರೆದು ಹೇಳಿದರು:

"ಮೇಡಂ, ಯಾಕ ಇಷ್ಟು ತ್ರಾಸ ತಗೋತೀರಿ? 'ದುರಸ್ತಿಗೆ ಯೋಗ್ಯವಿಲ್ಲ, ಹೊಸದು ಖರೀದಿಸುವುದು' ಅಂತ ಒಂದು ಹಾಳಿ ಬರದು ಕೊಡ್ರಿ. ತಜ್ಞರ ಅಭಿಪ್ರಾಯ ಅಂತ ನಮ್ಮಲ್ಲೆ ಬ್ಯಾರೆ ಶುಲ್ಕ ಐತಿ, ಈ ತಿಂಗಳ ಪಾಸ್ ಮಾಡಸ್ತೀನಿ. ಗುತ್ತಿಗೆದಾರ ಹೊಸಾ ಕಂಬಳಿ, ಪಲ್ಲಕ್ಕಿ ಎಲ್ಲಾ ಸೆಟ್ ತಂದು ಕೊಡ್ತಾನ. ಎಲ್ಲಾರಿಗೂ ಛಲೋ."

ಅವರು ಹೇಳಿದ ಮೊತ್ತಕ್ಕೆ ಬನಹಟ್ಟಿಯ ಆ ಹಳೆಯ ಪವರ್‌ಲೂಮ್ ಬರುತ್ತಿತ್ತು, ಅದನ್ನು ಕೂಡ್ರಿಸುವ ಖರ್ಚೂ ಬರುತ್ತಿತ್ತು. ಕಂಬಳಿ ಉಳಿಸಿದರೆ ಎಷ್ಟು ಎಂದು ಕೇಳಿದೆ. "ಅದನ್ನ ನೋಡಬೇಕ್ರಿ, ಅದಕ್ಕ ದರಪಟ್ಟಿಯೊಳಗ ಐಟಂ ಹುಡುಕಬೇಕಾಕ್ಕತಿ" ಎಂದರು. ಕೆಟ್ಟಿದೆ ಎಂದು ಬರೆಯಲು ದರವಿದೆ, ಕೆಟ್ಟದ್ದನ್ನು ಉಳಿಸಲು ದರವಿಲ್ಲ. ಎರಡು ಮಗ್ಗ ಹಾಕಿ ನಾನು ಕಲಿತದ್ದು ಉಳಿಸುವುದನ್ನು.

ಆ ರವಿವಾರ ಬನಹಟ್ಟಿಗೆ ಹೋಗಿ, ಶೆಡ್ಡಿನ ಹೊರಗೆ ತಮ್ಮನಿಗೆ ಎಲ್ಲ ಹೇಳಿದೆ. ಒಳಗಿನ ಮಗ್ಗಗಳ ಸದ್ದಿಗೆ ಕೂಗಿಯೇ ಮಾತಾಡಬೇಕಿತ್ತು.

"ಬರದು ಕೊಡಕ್ಕಾ!" ಎಂದ. "ಹೊಸಾ ಕಂಬಳಿ ಹಾಸಿದ್ರ ಬೀರಪ್ಪ ಒಲ್ಲೆ ಅಂತಾನೇನು?"

"ಕಂಬಳಿ ಖರೇ ಕೆಟ್ಟಿಲ್ಲೋ. ನಾ ಕೆಡಿಸೀನಿ. ಅದನ್ನ ನಾನ ನೆಟ್ಟಗ ಮಾಡಬೋದು."

"ನೆಟ್ಟಗ ಮಾಡಿದ್ರ ಯಾರು ಕೊಡ್ತಾರ ರೊಕ್ಕ? ಮಗ್ಗದಾಂವ ಸೋಮವಾರ ತನಕ ತಡೀತೀನಿ ಅಂದಾನ. ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು ನೋಡು ನಿನ್ನ ಸಾಲಿ!"

ಗಾದೆ ಸರಿಯಾದ ಜಾಗಕ್ಕೇ ತಾಗಿತು. ಅವನು ಒಳಗೆ ಹೋದ. ಅವನ ಬೆನ್ನಿನ ಮೇಲೆ ಹತ್ತಿಯ ಧೂಳು ಕೂತಿತ್ತು. ಅವನು ಕೇಳಿದ್ದರಲ್ಲಿ ಅನ್ಯಾಯದ್ದು ಏನೂ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಬೀಳಗಿಯ ಬಸ್ಸಿನಲ್ಲಿ ಕೂತು ಕಾಗದ ಬರೆಯಲು ಪೆನ್ನು ತೆಗೆದೆ. ಸುಳ್ಳೂ ಪೂರ್ತಿ ಸುಳ್ಳಾಗಿರಲಿಲ್ಲ, ಕಂಬಳಿಯ ಸ್ಥಿತಿ ಹಾಗೆಯೇ ಇತ್ತು. ಆದರೆ ಬರೆದರೆ ನನ್ನ ತಪ್ಪಿಗೆ ಕಂಬಳಿ ಶಿಕ್ಷೆ ಅನುಭವಿಸಬೇಕು. ಊರು ಹೋಯಿತು, ಹೊಲ ಹೋಯಿತು, ಉಳಿದ ಈ ಒಂದನ್ನೂ ನನ್ನ ಸಹಿ ಹಾಕಿ ಕಸಕ್ಕೆ ಎಸೆಯಬೇಕು. ಆ ಸಹಿಗೆ ಬೆಲೆ ಬಂದದ್ದು ಅಪ್ಪನ ಮಗ್ಗಗಳಿಂದ. ಪೆನ್ನನ್ನು ಚೀಲಕ್ಕೆ ಹಾಕಿದೆ. ಇಳಿದವಳೇ ನೇರ ಆಯಿಯ ಮನೆಗೆ ಹೋಗಿ, "ಆಯಿ, ಗಂಜಿ ಕಾಸೂದು ಕಲಸ್ತೀಯೇನು?" ಎಂದೆ.

"ಕಲಸ್ತೀನಿ. ಆದ್ರ ನಾ ಹೇಳಿದಂಗ ಕೇಳಬೇಕು. ಪುಸ್ತಕ ತಗೀಬ್ಯಾಡ" ಎಂದಳು.

ಪುಸ್ತಕದ ಪ್ರಕಾರ ಅದು ಮಾಡಬಾರದ ಕೆಲಸ. ಹಳೆಯ ಬಟ್ಟೆಗೆ ಗಂಜಿ ಹಚ್ಚಿದರೆ ಹುಳಕ್ಕೆ ಊಟ ಬಡಿಸಿದಂತೆ ಎಂದು ಕಲಿಸಿದ್ದರು. ಆದರೆ ಈ ಕಂಬಳಿಗೆ ಅಷ್ಟು ವರ್ಷ ಗಂಜಿ ಇದ್ದೂ ಹುಳ ಬಿದ್ದಿರಲಿಲ್ಲ. ವರ್ಷಕ್ಕೊಮ್ಮೆ ಬಿಸಿಲು, ದಿನಾ ಗಾಳಿ, ದಿನಾ ಕೈ ತಾಗುತ್ತಿತ್ತು. ಹುಳ ಬಿದ್ದದ್ದು ಸೀಲು ಒತ್ತಿದ ಮೇಲೆ. ಇದನ್ನು ನನ್ನ ವರದಿಯಲ್ಲೂ ಬರೆದೆ, ಯಾರೂ ಓದಿದ ಹಾಗಿಲ್ಲ.

ಹುಣಸೆ ಬೀಜ ಹುರಿದು, ಕೆಂಪು ಸಿಪ್ಪೆ ಬಿಡಿಸಿ, ನೆನೆಹಾಕಿ, ಒರಳಿನಲ್ಲಿ ನುಣ್ಣಗೆ ಅರೆದು, ತೆಳ್ಳಗೆ ಕಾಸಬೇಕು. ಆಯಿ ಬೆರಳು ಅದ್ದಿ ಅಂಟು ನೋಡುತ್ತಿದ್ದಳು. ಮೊದಲ ಸಲ ದಪ್ಪವಾಯಿತೆಂದು ದನಗಳಿಗೆ ಹಾಕಿಸಿದಳು. ಎರಡನೇ ಸಲದ್ದನ್ನು ಒಪ್ಪಿದಳು. ಗಂಜಿ ಹಚ್ಚುವ ಮೊದಲು ಹರಿದ ಎಳೆಗಳನ್ನು ಕೂಡಿಸಬೇಕಿತ್ತು. ಆಯಿ ಕದಿರಿನಲ್ಲಿ ಕರಿ ಉಣ್ಣೆ ನೂತು ಕೊಟ್ಟಳು. ದೊಡ್ಡ ತೂತುಗಳ ಹಿಂದೆ ದಿಲ್ಲಿಯಲ್ಲಿ ಕಲಿತಂತೆ ಬಟ್ಟೆ ಕೊಟ್ಟು ಹೊಲಿದೆ. ಸಣ್ಣ ಹರುಕುಗಳಿಗೆ ಅವ್ವನನ್ನು ರಬಕವಿಯಿಂದ ಕರೆಸಿದೆ. ಅವ್ವ ಕನ್ನಡಕ ಏರಿಸಿ, ಎಳೆ ಜಾರದಂತೆ ಬೂದಿಯಲ್ಲಿ ಬೆರಳು ಅದ್ದಿ, ನಾಲ್ಕು ದಿನ ಕೂತು ಎಳೆ ಕೆಚ್ಚಿದಳು. ಉಣ್ಣೆ ಹತ್ತಿಯ ಹಾಗೆ ಮಾತು ಕೇಳುವುದಿಲ್ಲ ಎಂದು ಮೊದಲ ದಿನವೆಲ್ಲ ಅದನ್ನು ಬೈದಳು. ಆಯಿಯೂ ಅವಳೂ ಬೈಯುತ್ತಲೇ ಗೆಳತಿಯರಾದರು. ಆಮೇಲೆ ಕಂಬಳಿಯನ್ನು ಸರಿಯಾಗಿ ಎಳೆದು ಮೊಳೆಯ ಚೌಕಟ್ಟಿಗೆ ಕಟ್ಟಿ, ಕುಂಚದಿಂದ ಗಂಜಿ ಹಚ್ಚಿ ಬಿಸಿಲಿಗೆ ಬಿಟ್ಟೆವು. ಮೂರು ಸಲ ಹಚ್ಚಿದೆವು. ನಾಲ್ಕನೇ ದಿನ ಆಯಿ ಅದನ್ನು ಬೆರಳ ಗಂಟಿನಿಂದ ಬಡಿದಳು. ಟಕ್ ಎಂದಿತು.

"ಈಗ ಬೀರಪ್ಪ ಕೂಡ್ರತಾನ" ಎಂದಳು.

ಸೋಮವಾರ ಎಂದೋ ದಾಟಿ, ಆ ಹಳೆಯ ಮಗ್ಗ ಯಾರ ಮನೆಗೋ ಹೋಗಿತ್ತು. ತಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದ. ಗದ್ದುಗೆಯ ದಿನ ಅವ್ವ ಕರೆದರೂ ಬರಲಿಲ್ಲ. ಅಲ್ಲಿ ಪೂಜಾರಿ ಅಜ್ಜ ಕಂಬಳಿ ಹಾಸಿ, ನಾನು ಮಡಕೆಯಲ್ಲಿ ಎತ್ತಿಟ್ಟಿದ್ದ ಹಳೆಯ ಭಂಡಾರವನ್ನೇ ಮೊದಲು ಅದರ ಮೇಲೆ ಚೆಲ್ಲಿದರು. ಆಮೇಲೆ ನೆರೆದ ಜನವೆಲ್ಲ ಭಂಡಾರ ಹಾರಿಸಿ, ನನ್ನ ತಲೆ ಮೈಯೆಲ್ಲ ಹಳದಿಯಾಯಿತು. ಆ ಹಳೆಯ ಊರಿನವರೆಲ್ಲ ಒಂದೇ ಸಲ ಅತ್ತರು. ನಾನೂ ಅತ್ತೆ. ಆ ಒಂದು ಗಳಿಗೆಯನ್ನು ನನ್ನಿಂದ ಯಾವ ಕಚೇರಿಯೂ ಕಿತ್ತುಕೊಳ್ಳಲಾರದು, ಆದರೆ ಆ ಗಳಿಗೆಯನ್ನು ಬೇಯಿಸಿ ತಿನ್ನಲು ಬರುವುದಿಲ್ಲ ಎನ್ನುವುದೂ ಅಷ್ಟೇ ಖರೆ.

ಎರಡು ತಿಂಗಳ ಮೇಲೆ ಬಿಲ್ಲು ಪಾಸಾಗಿದೆ, ಬಂದು ತೆಗೆದುಕೊಳ್ಳಿ ಎಂದು ಕಚೇರಿಯಿಂದ ಫೋನು ಬಂತು. ತಮ್ಮ ಅಷ್ಟು ದಿನದ ಮೇಲೆ ಮೊದಲ ಸಲ ಬಾಯಿ ಬಿಟ್ಟ. "ನಡಿ, ಗಾಡಿ ಮ್ಯಾಲೆ ಬಿಡ್ತೀನಿ. ಪೂರಾ ಮಗ್ಗ ಆಗಲಿಲ್ಲಂದ್ರೂ ಮುಂಗಡನರ ಆಕ್ಕತಿ" ಎಂದ. ದಾರಿಯಲ್ಲಿ ಇನ್ನೊಂದು ಮಗ್ಗದ ಸುದ್ದಿಯನ್ನೇ ಹೇಳುತ್ತ ಬಂದ. ಗಾಳಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ.

ಕಚೇರಿಯ ಗುಮಾಸ್ತರು ವೋಚರನ್ನು ತಿರುಗಿಸಿ ಮುಂದಿಟ್ಟು, ಸಹಿ ಮಾಡುವ ಜಾಗ ತೋರಿಸಿದರು. ನನಗಿಂತ ಮೊದಲು ತಮ್ಮ ಓದಿದ. ಕೆಲಸದ ವಿವರ ಎಂಬಲ್ಲಿ ಹೀಗಿತ್ತು: ಕಂಬಳಿ ತೊಳೆತ, ಒಂದು.

ಮೊತ್ತ ನಮ್ಮ ಗಾಡಿಯ ಆ ದಿನದ ಪೆಟ್ರೋಲಿಗೂ ಸಾಲುತ್ತಿರಲಿಲ್ಲ.

"ಇದೇನ್ರಿ?" ಎಂದೆ.

"ಸಾಹೇಬರಿಗೆ ವರ್ಗ ಆತ್ರಿ ಮೇಡಂ. ನಾವು ದರಪಟ್ಟಿ ಪೂರಾ ಹುಡುಕಿದ್ವಿ. ಕಂಬಳಿ ಅಂತ ಬರೂದು 'ಹಾಸ್ಟೆಲ್ ಕಂಬಳಿ ತೊಳೆತ' ಒಂದ ಐಟಂ. ನಿಮ್ಮ ವರದಿಯೊಳಗ ನೀವ ತೊಳದೀನಿ ಅಂತ ಬರದೀರಲ್ರಿ? ಅದಕ್ಕ ಹೊಂದಸಿದ್ವಿ."

"ಎರಡೂವರಿ ತಿಂಗಳ ಕೆಲಸ ಮಾಡೀನ್ರಿ. ಆಯಿ, ನಮ್ಮವ್ವ..."

"ಅದಕ್ಕೆಲ್ಲ ಐಟಂ ಇಲ್ರಿ."

ತೊಳೆಯುವುದು ಸಣ್ಣ ಕೆಲಸವಲ್ಲ. ಅದನ್ನೇ ಬದುಕು ಮಾಡಿಕೊಂಡವರು ನನಗಿಂತ ಚೆನ್ನಾಗಿ ತೊಳೆಯುತ್ತಾರೆ, ಅವರಾಗಿದ್ದರೆ ಆ ಕಂಬಳಿಯನ್ನು ನೀರಿಗೆ ಹಾಕುವ ಮೊದಲು ಮನೆಯ ಹೆಂಗಸರನ್ನು ಕೇಳುತ್ತಿದ್ದರು. ಆದರೂ ನನ್ನ ಕೈ ಪೆನ್ನಿನ ಕಡೆ ಹೋಯಿತು. ಬಂದಷ್ಟಾದರೂ ಬರಲಿ, ತಮ್ಮ ಇಷ್ಟು ದೂರ ಬಂದಿದ್ದಾನೆ ಎಂಬ ಆಸೆಗೇಡಿತನ ಅದು. ತಮ್ಮ ನನ್ನ ಮಣಿಕಟ್ಟು ಹಿಡಿದ.

"ಅಕ್ಕಾ, ಆ ಕಂಬಳಿ ತೊಳದದ್ದ ತಪ್ಪಾತು ಅಂತ ನೀನ ಅಂದಿದ್ದೆಲ್ಲ?"

"ಹೂಂ."

"ಮಾಡಿದ್ದರಾಗ ಅದೊಂದ ತಪ್ಪು ಕೆಲಸ ಹೌದಿಲ್ಲೋ?"

"ಹೌದೋ."

ಅವನು ಗುಮಾಸ್ತರ ಕಡೆ ತಿರುಗಿದ. ದನಿ ಏರಿಸಲಿಲ್ಲ. ಶೆಡ್ಡಿನಲ್ಲಿ ಕೂಗಿ ಕೂಗಿ ಮಾತಾಡುವ ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಕಂಬಳಿ ಸತ್ತೈತಿ ಅಂತ ಬರದು ಕೊಟ್ಟಿದ್ರ ಇಕಿಗೆ ಒಂದು ಮಗ್ಗದ ರೊಕ್ಕ ಕೊಡ್ತಿದ್ರಿ. ಇಕಿ ಬದುಕಿಸಿದ್ದಕ್ಕ ನಿಮ್ಮಲ್ಲೆ ಐಟಂ ಇಲ್ಲ. ಕೆಡಿಸಿದ್ದಕ್ಕ ಐಟಂ ಐತಿ. ಇಂಥಾ ರೊಕ್ಕ ನಮಗ ಬ್ಯಾಡ್ರಿ. ಮಾಡಿದ ಕೆಲಸದ ಹೆಸರು ಬರೀರಿ, ಎಷ್ಟು ಕೊಟ್ರೂ ಇಕಿ ಸಹಿ ಮಾಡ್ತಾಳ."

"ಹಂಗ ಬರಿಯಾಕ ಬರೂದಿಲ್ಲಪಾ."

"ಹಂಗಾರ ಸಹಿ ಮಾಡಾಕೂ ಬರೂದಿಲ್ರಿ" ಎಂದು ನನ್ನನ್ನು ಎಬ್ಬಿಸಿಕೊಂಡು ಹೊರಗೆ ಬಂದ. ಗಾಡಿಗೆ ನಾಲ್ಕು ಸಲ ಒದ್ದ. ಒಂದು ಮಗ್ಗ ಕೈಬಿಟ್ಟು ಹೋಗುವುದನ್ನು ನಿಂತು ನೋಡಿದವನು ಅವನು, ಈಗ ಇನ್ನೊಂದರ ಆಸೆಯನ್ನು ತಾನಾಗಿ ತಳ್ಳಿ ಬಂದಿದ್ದ.

ಅಂದಿನಿಂದ ಪ್ರತಿ ಮಾರ್ಚಿನಲ್ಲಿ ಆ ಕಚೇರಿಯಿಂದ ನನಗೊಂದು ಪತ್ರ ಬರುತ್ತದೆ. ಕಂಬಳಿ ತೊಳೆತದ ಬಾಬ್ತು ನಿಮ್ಮ ಸಹಿಯಿಲ್ಲದೆ ಬಾಕಿ ಉಳಿದಿದ್ದು, ಲೆಕ್ಕ ತಪಾಸಣೆಯವರು ಆಕ್ಷೇಪಿಸಿರುವುದರಿಂದ, ಕೂಡಲೇ ಬಂದು ಸ್ವೀಕರಿಸತಕ್ಕದ್ದು ಎಂದು. ಅಂಚೆ ಖರ್ಚೇ ಈಗ ಆ ಮೊತ್ತವನ್ನು ಮೀರಿರಬೇಕು. ಹೆಸರು ತಿದ್ದಿ ಎಂದು ನಾನು ಪ್ರತಿ ಸಲ ಉತ್ತರ ಬರೆಯುತ್ತೇನೆ. ಆ ಉತ್ತರ ಯಾವ ಫೈಲಿನ ಹೊಟ್ಟೆ ಸೇರುತ್ತದೆಯೋ, ಮುಂದಿನ ಮಾರ್ಚಿಗೆ ಅದೇ ಪತ್ರ ಬರುತ್ತದೆ.

ಬೆಲ್ಲದ ವ್ಯಾಪಾರಿ ಇದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಚಹಾ ಆರಿಹೋಗಿತ್ತು. ಅಷ್ಟರಲ್ಲಿ ನನ್ನ ತಮ್ಮ ಪಾಳಿ ಮುಗಿಸಿ ಬಂದು, ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದ. ಇಂದಿಗೂ ಬೇರೆಯವರ ಶೆಡ್ಡಿಗೇ ಹೋಗುತ್ತಾನೆ.

"ಅಂದ್ರ ಹಾಕಿದ ರೊಕ್ಕ ಬಂದಿಲ್ಲ ಅನ್ರಿ ಬಾಯಾರ" ಎಂದರು ವ್ಯಾಪಾರಿ.

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಅಲ್ಲಿಂದಲೇ ಹೇಳಿದ:

"ಬಂದಿಲ್ರಿ. ಬರಬೇಕಿತ್ತು. ಬರಲಾರದ್ದಕ್ಕ ನಿಮ್ಮ ಮಗಳು ಓದೂದು ಬಿಡಬೇಕೋ, ಕೊಡಲಾರದವರನ್ನ ಹಿಡಿದು ಕೇಳಬೇಕೋ, ಅದನ್ನ ನೀವ ವಿಚಾರ ಮಾಡ್ರಿ."

ವ್ಯಾಪಾರಿ ಎದ್ದು, ನಮಸ್ಕಾರ ಮಾಡಿ ಹೋದರು. ಮಗಳಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ತಮ್ಮ ಕೈ ಒರೆಸಿಕೊಂಡು ಗೂಡಿನಿಂದ ಲಕೋಟೆ ತೆಗೆದ.

"ಈ ವರ್ಷರ ತಿದ್ದ್ಯಾರೇನಕ್ಕಾ?"

"ಇಲ್ಲೋ. ತೊಳೆತ ಅಂತನ ಐತಿ."

ಅವನು ಅದನ್ನು ಹಳೆಯ ಪತ್ರಗಳಿರುವ ಬಿಸ್ಕಿಟ್ ಡಬ್ಬಿಗೆ ಹಾಕಿ, ಮುಚ್ಚಳವನ್ನು ಅಂಗೈಯಿಂದ ಒತ್ತಿದ. ನನ್ನ ಪ್ರಮಾಣಪತ್ರದ ಕೆಳಗೆ ಊಟಕ್ಕೆ ಕೂತ.

"ಹಂಗಾರ ನಮ್ಮದೂ ಸಹಿ ಇಲ್ಲ" ಎಂದ.